ಬಿದ್ರಿಯ ಕರಿ ಪದರ ಸೆಮ್‌ನಾಗ ನೋಡಿದ್ದು: ನನ್ನ ಅನುಭವ

ಬೀದರ್‌ನಾಗ ಇದ್ದು ಮೆಟೀರಿಯಲ್ಸ್ ಮ್ಯಾಲ ರಿಸರ್ಚ್ ಮಾಡ್ತೀವಂದ್ರ ಬಿದ್ರಿ ಬಿಟ್ಟು ಬ್ಯಾರೆ ಏನ್ ನೋಡೋದ್ರಿ. ಸತು ಜಾಸ್ತಿ, ತಾಮ್ರ ಸ್ವಲ್ಪ, ಮ್ಯಾಲ ಬೆಳ್ಳಿ ಕುಸುರಿ, ಕಡೀಕ ಕ್ವಾಟಿ ಮಣ್ಣು ನವಸಾಗರ ಕೂಡಿಸಿ ಕುದಿಸಿದ್ದು ತಿಕ್ಕಿದ್ರ ಲೋಹ ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಆ ಕರಿ ಪದರದಾಗ ಏನದ ಅನ್ನೋದೇ ನನ್ನ ಪ್ರಶ್ನೆ.

ಅದನ್ನ ನೋಡೋದಕ್ಕ ಸೆಮ್ ಬೇಕು, ಅಂದ್ರ ಎಲೆಕ್ಟ್ರಾನ್ ಬೀಮ್ ಹಾಯಿಸಿ ನೋಡೋ ಸೂಕ್ಷ್ಮದರ್ಶಕ. ಅದರ ಸ್ಲಾಟ್ ಹೈದ್ರಾಬಾದ್‌ನಾಗ, ತಾಸಿನ ಲೆಕ್ಕದಾಗ ರೊಕ್ಕ, ಹಿಂಗಾಗಿ ತಯಾರಿ ಎಲ್ಲಾ ಊರಾಗೇ ಮುಗಿಸ್ತಿದ್ದೆ. ಕಾರಿಗರ್ ಕಾಕಾರಿಗೆ ಮೊದ್ಲೇ ಹೇಳಿದ್ದೆ, ಕಾಕಾ, ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ ಅಂತ. "ಎಣ್ಣಿ ಹಚ್ಚಲಾರ್ದ ಬಿದ್ರಿ ಅದೇನ್ ಬಿದ್ರಿ" ಅಂತ ನಕ್ರು, ಆದ್ರ ಕೊಟ್ರು. ಎಣ್ಣಿ ಇದ್ರ ವ್ಯಾಕ್ಯೂಮ್ ಕೆಡ್ತದ, ಮ್ಯಾಲ ಬೀಮ್ ಸ್ಕ್ಯಾನ್ ಮಾಡಿದ ಜಾಗದಾಗ ಕಾರ್ಬನ್ ಕುಂತು ಕರಿ ಚೌಕ ಮೂಡ್ತದ, ಆಮ್ಯಾಲ ಯಾವ ಕರಿ ಯಾವುದ್ರದು ಅಂತ ತಲಿ ಕೆಡಿಸ್ಕೊಬೇಕು. ತುಣುಕು ಅಸಿಟೋನ್‌ನಾಗ ತೊಳೆದು, ಒಣಗಿಸಿ, ಕಾರ್ಬನ್ ಟೇಪ್ ಮ್ಯಾಲ ಸ್ಟಬ್‌ಗೆ (ತುಣುಕು ಕೂಡ್ಸೋ ಸಣ್ಣ ಲೋಹದ ಪೀಠ) ಅಂಟಿಸಿದ್ದಷ್ಟೇ. ಗೋಲ್ಡ್ ಕೋಟಿಂಗ್ ಬ್ಯಾಡ ಅಂದೆ, ಕರೆಂಟ್ ಹರಿಯೋ ಲೋಹಕ್ಕ ಅದರ ಗರಜಿಲ್ಲ.

ಬ್ಯಾಕ್‌ಸ್ಕ್ಯಾಟರ್ ಮೋಡ್‌ನಾಗ, ಅಂದ್ರ ತುಣುಕಿಂದ ವಾಪಸ್ ಚಿಮ್ಮಿದ ಎಲೆಕ್ಟ್ರಾನ್ ಹಿಡಿದು ಚಿತ್ರ ಮಾಡಿದ್ರ, ಬೆಳ್ಳಿ ಫಳಫಳ ಕಾಣ್ತದ, ಯಾಕಂದ್ರ ಪರಮಾಣು ಸಂಖ್ಯೆ ಜಾಸ್ತಿ ಇದ್ದಷ್ಟು ಹೊಳಪು ಜಾಸ್ತಿ, ಬೆಳ್ಳಿ ಪರಮಾಣು ಸಂಖ್ಯೆ 47, ಸತುವಿನದು 30. ಆದ್ರ ತಾಮ್ರ 29 ನೋಡ್ರಿ, ಸತುವಿಗೂ ತಾಮ್ರಕ್ಕೂ ಚಿತ್ರದಾಗ ಫರಕೇ ಗೊತ್ತಾಗಲ್ಲ, ಅದಕ್ಕ ಇಡಿಎಸ್ ಬೇಕೇ ಬೇಕು, ಅಂದ್ರ ಬೀಮ್ ಬಿದ್ದಾಗ ಒಂದೊಂದು ಧಾತು ಬಿಡೋ ಎಕ್ಸ್‌ರೇ ಗೆರಿ ಅಳೆದು ಯಾವ ಧಾತು ಅಂತ ಗುರುತಿಸೋದು.

ಖರೇ ತಕರಾರು ಇಲ್ಲೇ ಶುರು. ಬೀಮಿನ ವೋಲ್ಟೇಜ್ 20 ಕೆವಿ (ಕಿಲೋವೋಲ್ಟ್) ಇಟ್ರ ಅದು ಕರಿ ಪದರ ದಾಟಿ ಕೆಳಗಿನ ಲೋಹಕ್ಕ ಇಳೀತದ, ಸಿಗ್ನಲ್ ಎಲ್ಲಾ ತಳದ ಸತುವಿಂದೇ ಬರ್ತದ. 5 ಕೆವಿಗೆ ಇಳಿಸಿದ್ರ ಮೇಲ್ಮೈ ಚಂದ ಕಾಣ್ತದ, ಸಣ್ಣ ಸಣ್ಣ ಬಿರುಕು, ಹಳಕು ಎಲ್ಲಾ, ಆದ್ರ ಆಗ ಸತುವಿನ 8.6 ಕೆಇವಿಯ (ಎಕ್ಸ್‌ರೇ ಶಕ್ತಿಯ ಅಳತಿ) ಕೆ ಗೆರಿ ಏಳೋದೇ ಇಲ್ಲ, ಉಳಿಯೋದು ಸತುವಿನದೇ ಕಡಿಮಿ ಶಕ್ತಿಯ 1.01ರ ಎಲ್ ಗೆರಿ, ಸೋಡಿಯಂ ಗೆರಿ 1.04ಕ್ಕ ಅದ, ಎರಡೂ ಒಂದರ ಮ್ಯಾಲ ಒಂದು ಕುಂದ್ರತಾವ. ಸಾಫ್ಟ್‌ವೇರ್ ತಾನೇ ಸೋಡಿಯಂ ಅಂತ ಹೆಸರು ಬರೀತದ. ಮಣ್ಣಿನ ನೀರು ತಿಕ್ಕಿದ ತುಣುಕಿನಾಗ ಸೋಡಿಯಂ ಇದ್ರೂ ಇರಬಹುದಲ್ಲ, ಹಿಂಗಾಗಿ ಅದನ್ನ ನಂಬೋದಕ್ಕೂ ಆಗಲ್ಲ ಬಿಡೋದಕ್ಕೂ ಆಗಲ್ಲ.

ನಾನು ಕಡೀಕ ಮಾಡಿದ್ದು ಅಡ್ಡ ಸೀಳು. ತುಣುಕನ್ನ ಎಪಾಕ್ಸಿ ಅಂಟಿನಾಗ ನಿಲ್ಸಿ, ಡೈಮಂಡ್ ಪೇಸ್ಟ್ ತನಕ ಪಾಲಿಶ್ ಮಾಡಿ, ಪದರದ ಅಂಚನ್ನೇ ನೋಡೋದು. ಎಪಾಕ್ಸಿಯಾಗ ಕರೆಂಟ್ ಹರಿಯಲ್ಲ, ಚಾರ್ಜ್ ಕೂಡಿ ಚಿತ್ರ ಜಾರ್ತದ, ಅದಕ್ಕ ಇಲ್ಲಿ ಮಾತ್ರ ಕಾರ್ಬನ್ ಕೋಟಿಂಗ್ ಹಾಕ್ಸಿ, ತುಣುಕಿನ ತುದಿಯಿಂದ ಸ್ಟಬ್ ತನಕ ಟೇಪ್ ಎಳದೆ. ಹಿಂಗ ಮಾಡಿದ್ರ 20 ಕೆವಿಯಾಗ ಸತುವಿನ ಕೆ ಗೆರಿ, ತಾಮ್ರದ 8.05 ಗೆರಿ ಎರಡೂ ಬಿಡಿಬಿಡಿಯಾಗಿ ಸಿಗ್ತಾವ. ಪದರ ಬಾಳ ತೆಳ್ಳಗಿದ್ರ ಅಕ್ಕಪಕ್ಕದ ಲೋಹದ ಸಿಗ್ನಲ್ ಇಲ್ಲೂ ಬೆರೀತದ, ಹಂಗಾಗಿ ಪರ್ಸೆಂಟೇಜ್ ನಾನು ಬರೆಯಲ್ಲ, ಲೈನ್ ಸ್ಕ್ಯಾನ್‌ನಾಗ (ಒಂದು ನೇರ ಸಾಲಿನ ಉದ್ದಕ್ಕೂ ಅಳೆಯೋದು) ಲೋಹದಿಂದ ಪದರದ ಕಡೆ ಹೋಗೋವಾಗ ತಾಮ್ರ ಏರ್ತದೋ ಇಳೀತದೋ ಅಷ್ಟೇ ನೋಡ್ತೀನಿ. ಗೈಡ್ ಸಾಹೇಬ್ರು ನಂಬರ್ ಕೇಳ್ತಾರ, ಕೇಳ್ಲಿ.