ಮಳೆಗಾಲಕ್ಕೊಂದು ಹೊಸ ಆಟ: ಡ್ಯಾಗರ್‌ಹಾರ್ಟ್ ಕಲಿಯುವುದು ಹೇಗೆ?

ದಪ್ಪ ಪುಸ್ತಕ ನೋಡಿಯೇ ಎಷ್ಟೋ ಜನ ಈ ಆಟದ ಆಸೆ ಬಿಡುತ್ತಾರೆ. ಡ್ಯಾಗರ್‌ಹಾರ್ಟ್‌ನ ನಿಯಮ ಪುಸ್ತಕ 300 ಪುಟ ದಾಟುತ್ತದೆ, ಅದೂ ಇಂಗ್ಲಿಷಿನಲ್ಲಿ. ಆದರೆ ಮೊದಲ ದಿನ ಆಡಲು ಬೇಕಾಗಿರುವುದು ಅದರಲ್ಲಿ ಒಂದೇ ನಿಯಮ: ದಾಳ ಹಾಕುವುದು. ಅದನ್ನು ಸರಿಯಾಗಿ ಕಲಿತರೆ ಉಳಿದದ್ದು ಆಡುತ್ತಾ ಬರುತ್ತದೆ. ನಮ್ಮಲ್ಲಿ ಇಸ್ಪೀಟು ಕಲಿತವರು ಪುಸ್ತಕ ಓದಿ ಕಲಿತರಾ? ಆಡುವವರ ಹಿಂದೆ ಕೂತು, ಒಂದೆರಡು ಆಟ ಸೋತು ಕಲಿತದ್ದು, ಅಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಕಥೆಯ ಆಟ. ಒಬ್ಬರು ಗೇಮ್ ಮಾಸ್ಟರ್. ಕಾಡು, ಕೋಟೆ, ರಾಕ್ಷಸರು ಎಲ್ಲ ಅವರ ಪಾಲು. ಉಳಿದ ಮೂರು ನಾಲ್ಕು ಜನಕ್ಕೆ ಒಂದೊಂದು ಪಾತ್ರ. ಈ ಬಗೆಯ ಆಟಕ್ಕೆ ದಾರಿ ಹಾಕಿದ್ದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಡ್ಯಾಗರ್‌ಹಾರ್ಟ್ ಅದೇ ಜಾತಿಯ ಹೊಸ ಆಟ, 2025ರ ಮೇ ತಿಂಗಳಲ್ಲಿ ಬಂತು. ತೋಟಕ್ಕೆ ಇಳಿಯಲಾಗದಷ್ಟು ಮಳೆ ಹೊಡೆಯುವ ಕೊಡಗಿನ ಕಕ್ಕಡ ತಿಂಗಳ ದಿನಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಕರೆಂಟು ಹೋಗುವ ಮೊದಲು

ನಿಯಮಗಳ ಸಾರ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪಾತ್ರದ ಹಾಳೆಗಳೂ ಸಿಗುತ್ತವೆ. ಮಳೆ ಜೋರಾದ ಮೇಲೆ ನೆಟ್‌ವರ್ಕ್ ನಂಬಬೇಡಿ. ಮೊದಲೇ ಇಳಿಸಿಕೊಂಡು, ಗೋಣಿಕೊಪ್ಪಕ್ಕೋ ವಿರಾಜಪೇಟೆಗೋ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಡಿ.

ತಲೆನೋವು ಇರುವುದು ದಾಳದ್ದು. ಈ ಆಟಕ್ಕೆ ಹನ್ನೆರಡು ಮುಖದ ಎರಡು ದಾಳ ಬೇಕು. ಊರಿನ ಅಂಗಡಿಯಲ್ಲಿ ಲೂಡೊ ದಾಳ ಸಿಕ್ಕೀತು, ಇದು ಸಿಗುವುದು ಕಷ್ಟ. ಆನ್‌ಲೈನಿನಲ್ಲಿ ತರಿಸುವವರೆಗೆ ಇಸ್ಪೀಟಿನ ಪ್ಯಾಕೇ ಸಾಕು. ಒಂದು ಕೆಂಪು ಜಾತಿ, ಒಂದು ಕಪ್ಪು ಜಾತಿ ತೆಗೆದುಕೊಳ್ಳಿ. ರಾಜನನ್ನು ಬದಿಗಿಡಿ. ಎಕ್ಕ ಒಂದು, ಗುಲಾಮ ಹನ್ನೊಂದು, ರಾಣಿ ಹನ್ನೆರಡು. ಎರಡು ಕಟ್ಟಿನಿಂದಲೂ ಒಂದೊಂದು ಎಲೆ ಎಳೆಯಿರಿ, ನೋಡಿ, ವಾಪಸ್ ಹಾಕಿ ಕಲಸಿ. ಲೆಕ್ಕ ದಾಳದ್ದೇ, ಒಂದು ಚೂರೂ ವ್ಯತ್ಯಾಸ ಇಲ್ಲ. ಗೇಮ್ ಮಾಸ್ಟರ್‌ಗೆ ಇಪ್ಪತ್ತು ಮುಖದ ದಾಳ ಬೇಕಾದಾಗ ಇನ್ನೊಂದು ಪ್ಯಾಕಿನಿಂದ ಒಂದು ಕೆಂಪು ಜಾತಿ, ಒಂದು ಕಪ್ಪು ಜಾತಿಯ ಎಕ್ಕದಿಂದ ಹತ್ತರ ತನಕದ ಎಲೆ ಸಾಕು. ಕಪ್ಪು ಬಂದರೆ ಹತ್ತು ಸೇರಿಸಿಕೊಳ್ಳಿ.

ಒಂದೇ ನಿಯಮ

ಕೆಂಪು ಎಲೆ ಹೋಪ್ (ಭರವಸೆ), ಕಪ್ಪು ಎಲೆ ಫಿಯರ್ (ಭಯ). ಎರಡನ್ನೂ ಕೂಡಿಸಿ, ಆ ಕೆಲಸಕ್ಕೆ ಬೇಕಾದ ಪಾತ್ರದ ಗುಣದ ಅಂಕಿ ಸೇರಿಸಿ. ಗೇಮ್ ಮಾಸ್ಟರ್ ಇಟ್ಟ ಕಷ್ಟದ ಅಂಕಿಯನ್ನು ಮುಟ್ಟಿದರೆ ಕೆಲಸ ಆಯಿತು. ಇಷ್ಟೇ ಆಗಿದ್ದರೆ ವಿಶೇಷ ಇರಲಿಲ್ಲ. ಎರಡರಲ್ಲಿ ಯಾವುದು ದೊಡ್ಡದು ಎಂದೂ ನೋಡಬೇಕು, ಮಜಾ ಇರುವುದು ಅಲ್ಲಿ.

ಗೇಮ್ ಮಾಸ್ಟರ್ ಹೇಳುತ್ತಾರೆ: "ಹೊಳೆ ತುಂಬಿ ಹರೀತಿದೆ. ಸೇತುವೆಯಲ್ಲಿ ಉಳಿದಿರೋದು ಒಂದೇ ದಿಮ್ಮಿ, ಅದೂ ಪಾಚಿ ಕಟ್ಟಿದೆ. ಏನ್ ಮಾಡ್ತೀಯಾ?"

"ಓಡಿ ದಾಟಿಬಿಡ್ತೀನಿ ಬಾವ."

ಹೀಗೆಂದ ಆಟಗಾರ್ತಿಯ ಪಾತ್ರದ ಚುರುಕುತನ 2, ಕಷ್ಟದ ಅಂಕಿ 15. ಕೆಂಪಿನಲ್ಲಿ ಐದು ಬಂತು, ಕಪ್ಪಿನಲ್ಲಿ ಒಂಬತ್ತು. ಒಟ್ಟು ಹದಿನಾಲ್ಕು, ಎರಡು ಸೇರಿ ಹದಿನಾರು. ದಾಟಿದಳು. ಆದರೆ ಕಪ್ಪು ದೊಡ್ಡದು! "ದಾಟಿದೆ. ಆದ್ರೆ ಬುತ್ತಿ ಚೀಲ ಹೊಳೆ ಪಾಲಾಯ್ತು. ಆಚೆ ದಡದಲ್ಲಿ ಏನೋ ಅಲ್ಲಾಡ್ತಿದೆ." ಕೆಲಸವೂ ಆಯಿತು, ಎಡವಟ್ಟೂ ಆಯಿತು. ಜೊತೆಗೆ ಗೇಮ್ ಮಾಸ್ಟರ್ ಖಾತೆಗೆ ಒಂದು ಫಿಯರ್ ಜಮಾ.

ಕೆಂಪು ದೊಡ್ಡದಾಗಿದ್ದರೆ ಆಟಗಾರ್ತಿಗೇ ಒಂದು ಹೋಪ್. ಸೋತರೂ ಕೆಂಪು ದೊಡ್ಡದಿದ್ದರೆ ಹೋಪ್ ಸಿಗುತ್ತದೆ, ಆದ್ದರಿಂದ ಸೋಲು ಪೂರ್ತಿ ನಷ್ಟ ಅಲ್ಲ. ಎರಡೂ ಒಂದೇ ಅಂಕಿ ಬಂದರೆ ಭರ್ಜರಿ ಗೆಲುವು, ಎರಡೂ ಎಕ್ಕ ಆದರೂ ಸರಿ. ಹನ್ನೆರಡು ಸಲಕ್ಕೆ ಒಂದು ಸಲ ಹೀಗೆ ಆಗುವ ಲೆಕ್ಕ. ಮೇಲಿನ ದಿಮ್ಮಿಯನ್ನು ನೂರು ಸಲ ದಾಟಲು ಹೋದರೆ ಸುಮಾರು ಐವತ್ತೆಂಟು ಸಲ ದಾಟಬಹುದು. ಗೇಮ್ ಮಾಸ್ಟರ್ ಆಗುವವರು ಈ ಅಂದಾಜು ತಲೆಯಲ್ಲಿಟ್ಟುಕೊಳ್ಳಿ. ಹೊಸಬರ ಮುಂದೆ ಸುಮ್ನೆ 20 ಇಟ್ಟು ಹೆದರಿಸಬೇಡಿ.

ಮೊದಲ ಅರ್ಧ ಗಂಟೆ ಇದನ್ನೇ ಆಡಿ. ಗೋಡೆ ಹತ್ತಿ, ಕಾವಲುಗಾರನಿಗೆ ಸುಳ್ಳು ಹೇಳಿ, ಬೀಗ ಮುರಿಯಿರಿ.

ಲೆಕ್ಕ ಇಡಲು ಹೋಪ್‌ಗೆ ಕಾಫಿ ಬೀಜ, ಫಿಯರ್‌ಗೆ ಕರಿಮೆಣಸು. ಮೆಣಸು ಉರುಳಿ ಮೇಜಿನಡಿ ಸೇರುತ್ತದೆ, ಬಟ್ಟಲಲ್ಲಿ ಹಾಕಿಡಿ. ಪ್ರತಿ ಪಾತ್ರಕ್ಕೂ ಶುರುವಿಗೆ ಎರಡು ಹೋಪ್, ಜಾಸ್ತಿ ಎಂದರೆ ಆರು. ಗೇಮ್ ಮಾಸ್ಟರ್ ಹನ್ನೆರಡು ಫಿಯರ್ ತನಕ ಕೂಡಿಡಬಹುದು.

ಪಾತ್ರ ಮಾಡುವುದು

ಒಂಬತ್ತು ವರ್ಗಗಳಿವೆ: ಯೋಧ, ಮಾಂತ್ರಿಕ, ಕಳ್ಳ, ಹಾಡುಗಾರ, ಹೀಗೆ. ಚಿತ್ರ ನೋಡಿ ಇಷ್ಟವಾದದ್ದನ್ನು ಆರಿಸಿದರೂ ಆದೀತು. ಚುರುಕುತನದಂಥ ಆರು ಗುಣಗಳಿಗೆ +2, +1, +1, 0, 0, -1 ಹಂಚಿ. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ.

ಹೊತ್ತು ಕೊಡಬೇಕಾದದ್ದು 'ಎಕ್ಸ್‌ಪೀರಿಯನ್ಸ್' ಎಂಬ ಎರಡು ಸಾಲಿಗೆ. ಪಾತ್ರದ ಹಿಂದಿನ ಬದುಕಿನಿಂದ ಎರಡು ವಿಷಯ ನೀವೇ ಬರೆಯಬೇಕು, ಒಂದೊಂದಕ್ಕೂ +2. 'ಮೆಣಸು ಕೊಯ್ದು ಅಭ್ಯಾಸ' ಎಂದು ಬರೆದುಕೊಳ್ಳಿ. ಕೋಟೆ ಗೋಡೆ ಹತ್ತುವಾಗ ಒಂದು ಕಾಫಿ ಬೀಜ ಕೊಟ್ಟು, "ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಹಾಕಿ ಹತ್ತಿದವನು ನಾನು, ಇದೇನು ಮಹಾ" ಎಂದರೆ ಎರಡು ಅಂಕಿ ನಿಮ್ಮದು. ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ನಿಯಮ ಇದು.

ಕಥೆ ಎಲ್ಲಿಂದ ತರುವುದು? ಎಲ್ಲರೂ ಕಂಡ ಜಾಗದಿಂದ. ಕಕ್ಕಬ್ಬೆ ಹತ್ತಿರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆಯಲ್ಲ, ಅದಕ್ಕೆ ಬೇರೆ ಹೆಸರಿಟ್ಟು, ನೆಲದಡಿ ಒಂದು ಸುರಂಗ ಸೇರಿಸಿದರೆ ಮೊದಲ ದಿನಕ್ಕೆ ಧಾರಾಳ. 1748 ಮೀಟರ್ ಎತ್ತರದ ಬೆಟ್ಟ ಬೆನ್ನಿಗೇ ಇದೆ, ಡ್ರ್ಯಾಗನ್ ಅಲ್ಲಿ ಇರಲಿ. ಊರ ದೇವರು ದೈವಗಳನ್ನು ಮಾತ್ರ ಆಟಕ್ಕೆ ಎಳೆಯಬೇಡಿ. ಹಿರಿಯರು ಬೈಯುತ್ತಾರೆ, ಬೈಯಬೇಕಾದದ್ದೇ.

ಹೊಡೆದಾಟ

ಹಳೆಯ ಆಟ ಆಡಿ ಬಂದವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಅಲ್ಲಿ ಸರದಿ ಇತ್ತು, ಇಲ್ಲಿ ಇಲ್ಲ. ಯಾರಿಗೆ ತೋಚುತ್ತದೋ ಅವರು ಮುಂದೆ ಬರಬಹುದು. ಯಾರಾದರೂ ಸೋತರೆ ಅಥವಾ ಕಪ್ಪು ದೊಡ್ಡದಾದರೆ ಆಟ ಗೇಮ್ ಮಾಸ್ಟರ್ ಕೈಗೆ ಹೋಗುತ್ತದೆ. ಅವರು ಒಂದು ಮೆಣಸು ಖರ್ಚು ಮಾಡಿ ನಡುವೆಯೂ ನುಗ್ಗಬಹುದು. ಬಾಯಿ ಜೋರಿದ್ದವರೇ ಆಡುತ್ತಾ ಹೋಗುವ ಅಪಾಯ ಇದೆ. ಸುಮ್ಮನೆ ಕೂತವರನ್ನು ಗೇಮ್ ಮಾಸ್ಟರೇ ಹೆಸರು ಹಿಡಿದು ಕೇಳಬೇಕು.

ಪೆಟ್ಟಿನ ಲೆಕ್ಕವೂ ಬೇರೆ ಥರ. ಒಂಬತ್ತು ಪೆಟ್ಟು ಬಿತ್ತು ಎಂದು ಒಂಬತ್ತು ಕಳೆಯುವುದಿಲ್ಲ. ಹಾಳೆಯಲ್ಲಿ ಎರಡು ಮಿತಿಗಳಿರುತ್ತವೆ. ಮೊದಲ ಹಂತದಲ್ಲಿ ಚರ್ಮದ ಕವಚ ತೊಟ್ಟವರಿಗೆ ಅದು 7 ಮತ್ತು 14. ಏಳಕ್ಕಿಂತ ಕಡಿಮೆ ಪೆಟ್ಟಾದರೆ ಹಾಳೆಯ ಜೀವದ ಚೌಕಗಳಲ್ಲಿ ಒಂದು ಗುರುತು, ಏಳರಿಂದ ಹದಿಮೂರಕ್ಕೆ ಎರಡು, ಹದಿನಾಲ್ಕು ಮತ್ತು ಮೇಲಕ್ಕೆ ಮೂರು. ಕವಚದ ಒಂದು ಚೌಕ ಹೊಡೆದುಹಾಕಿದರೆ ಒಂದು ಗುರುತು ಕಡಿಮೆ.

ಮಧ್ಯೆ ಅನುಮಾನ ಬಂದರೆ ಪುಸ್ತಕ ತಿರುವುತ್ತಾ ಕೂರಬೇಡಿ. ಗೇಮ್ ಮಾಸ್ಟರ್ ಹೇಳಿದ್ದೇ ನಿಯಮ, ಮುಂದೆ ಹೋಗಿ. ಊಟದ ಹೊತ್ತಿಗೆ ತೆಗೆದು ನೋಡಿದರಾಯಿತು.

ವಿಶ್ರಾಂತಿ, ಹಂತ ಏರುವುದು ಎಲ್ಲ ಎರಡನೇ ದಿನಕ್ಕೆ ಇರಲಿ. ಸಾವಿನ ನಿಯಮವನ್ನು ಮಾತ್ರ ಗೇಮ್ ಮಾಸ್ಟರ್ ಮೊದಲೇ ಓದಿರಬೇಕು. ಕೊನೆಯ ಗುರುತು ಬಿದ್ದಾಗ ಮೂರು ದಾರಿ. ಒಂದು, ಕೊನೆಯದಾಗಿ ಒಂದು ಭರ್ಜರಿ ಕೆಲಸ ಮಾಡಿ ಸಾಯುವುದು. ಎರಡು, ಮೂರ್ಛೆ ಹೋಗಿ ಬದುಕುವುದು, ಅದಕ್ಕೆ ಬೆಲೆ ತೆರಬೇಕಾಗಬಹುದು. ಮೂರು, ಎರಡೂ ಎಲೆ ಎಳೆದುಬಿಡುವುದು: ಕೆಂಪು ದೊಡ್ಡದಾದರೆ ಎದ್ದು ನಿಲ್ಲುತ್ತೀರಿ, ಕಪ್ಪು ದೊಡ್ಡದಾದರೆ ಹೊಸ ಹಾಳೆ ತೆಗೆದುಕೊಳ್ಳಿ.