ಗೌಡರ ಸಂಸತ್ತಿನ ದಿನಗಳನ್ನು ನಾನು ಬರೆದ ರೀತಿ

ಎಚ್.ಡಿ. ದೇವೇಗೌಡರ ಸಂಸತ್ತಿನ ದಿನಗಳ ಬಗ್ಗೆ ಬರೆಯಲು ಹೊರಟರೆ ಹೊಳೆನರಸೀಪುರದಲ್ಲಿ ಮಾಹಿತಿಗೆ ಬರವಿಲ್ಲ. ಟೀ ಅಂಗಡಿಯಲ್ಲಿ ಕೂತರೆ ಸಾಕು, ಎಲ್ಲರ ಹತ್ತಿರವೂ ಕಥೆ ಇದೆ. ಇಸವಿ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು. ಅದಕ್ಕೇ ಮೊದಲು ಹಾಳೆಗೆ ಗೆರೆ ಹಾಕಿ ಇಸವಿ, ಸದನ, ಕ್ಷೇತ್ರ ಬರೆದುಕೊಂಡೆ.

1991 ಹಾಸನ. 1998 ಮತ್ತೆ ಹಾಸನ. 1999ರಲ್ಲಿ ಸೋಲು. 2002ರಲ್ಲಿ ಕನಕಪುರ ಉಪಚುನಾವಣೆ. 2004, 2009, 2014 ಹಾಸನ. 2019ರಲ್ಲಿ ತುಮಕೂರಲ್ಲಿ ಸೋಲು, ಮರುವರ್ಷ ರಾಜ್ಯಸಭೆ.

ಹೀಗೆ ಬರೆದಾಗ ಒಂದು ಸಂಗತಿ ಎದ್ದು ಕಾಣುತ್ತದೆ. 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಅವರು ಹಾಸನದ ಸಂಸದರಾಗಿರಲಿಲ್ಲ. ಮುಖ್ಯಮಂತ್ರಿ ಕುರ್ಚಿಯಿಂದ ದೆಹಲಿಗೆ ಹೋದವರು, ಆಮೇಲೆ ರಾಜ್ಯಸಭೆಗೆ ಆಯ್ಕೆಯಾದರು. ನಮ್ಮ ಕಡೆ ಇದನ್ನು ಹೇಳಿದರೆ ಈಗಲೂ ಜನ ನಂಬುವುದಿಲ್ಲ.

ಪರಿಚಯದ ಆಲೂಗಡ್ಡೆ ಬೆಳೆಗಾರರೊಬ್ಬರು ಹಾಳೆ ನೋಡಿ, "ಮೇಷ್ಟ್ರೇ, ಸೋಲು ಗೆಲುವು ಇರ್ಲಿ. ರೈಲಿನ ಕಥೆ ಬರೀರಿ" ಎಂದರು. ಅಲ್ಲಿಂದ ನನ್ನ ಬರಹಕ್ಕೆ ಜೀವ ಬಂತು. ಹಾಸನ–ಬೆಂಗಳೂರು ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996-97ರಲ್ಲಿ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ರೈಲು ಓಡಿದ್ದು 2017ರಲ್ಲಿ! ಅಷ್ಟರಲ್ಲಿ ಗೌಡರು ಪ್ರಧಾನಿಯಾಗಿ, ಇಳಿದು, ಸೋತು, ಮತ್ತೆ ಗೆದ್ದಿದ್ದರು.

ಈ ಇಪ್ಪತ್ತು ವರ್ಷವನ್ನು ಪತ್ರಿಕೆಯ ತುಣುಕುಗಳಿಂದ ಕಟ್ಟಲಾಗದು. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಲೋಕಸಭೆಯ ಕಲಾಪ ಹಾಗೇ ಸಿಗುತ್ತದೆ. ನಾನು ಗೌಡರ ಹೆಸರನ್ನಷ್ಟೇ ಹುಡುಕಲಿಲ್ಲ, ಊರುಗಳ ಹೆಸರನ್ನೂ ಹುಡುಕಿದೆ. ಇಂಗ್ಲಿಷ್‌ನಲ್ಲಿ ಹಾಸನಕ್ಕೆ ಒಂದು ಕಾಗುಣಿತ, ಶ್ರವಣಬೆಳಗೊಳಕ್ಕೆ ನಾಲ್ಕಾರು. ಎಲ್ಲವನ್ನೂ ಹಾಕಿ ನೋಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಆದರೆ ಅಂಕಿ ಸಂಖ್ಯೆ ಜಾಸ್ತಿ ಸಿಗುವುದು ಈ ಲಿಖಿತ ಉತ್ತರದ ಜೊತೆಗಿನ ಪಟ್ಟಿಯಲ್ಲೇ. ರೈಲ್ವೆಯ ಪಿಂಕ್ ಬುಕ್‌ನಲ್ಲಿ ಯಾವ ಕಾಮಗಾರಿಗೆ ಆ ವರ್ಷ ಎಷ್ಟು ಹಣ ಎಂದಿರುತ್ತದೆ. ಭಾಷಣವನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಓದಿ. ಮಂಜೂರಾತಿ ಬೇರೆ, ಹಣ ಬರುವುದು ಬೇರೆ ಅಂತ ಆಗ ಗೊತ್ತಾಗುತ್ತದೆ.

ಸಂಸದರು ಊರಿಗೆ ಏನು ಮಾಡಿದರು ಎಂದು ಸುಮ್ನೆ ಹೊಗಳುವುದು, ಬೈಯುವುದು ನನಗೆ ಬೇಡವಾಗಿತ್ತು. ಈಗ ಚಿಕ್ಕಮಗಳೂರಿನ ಹಾಳೆ ಶುರು ಮಾಡಿದ್ದೇನೆ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಗಾಗಿ ಬಿಟ್ಟುಕೊಟ್ಟ ಕ್ಷೇತ್ರ ಅದು. ಅಲ್ಲೂ ಒಂದು ರೈಲು ಮಾರ್ಗ ಹಿಡಿದೇ ಹೊರಟಿದ್ದೇನೆ, ಕಡೂರಿನಿಂದ.