ಹಳೇ ಪಿಡಿಪಿ-11ಕ್ಕೆ ಕರೆಂಟ್ ಕೊಡೋ ಮುಂಚೆ
ಚಿಕ್ಕಮಗಳೂರಿನ ಮಳೆ ತೇವದಲ್ಲಿ ವರ್ಷಗಟ್ಟಲೆ ಮೂಲೇಲಿ ಕೂತಿದ್ದ 1970ರ ದಶಕದ ಈ ಅಮೆರಿಕದ ಕಂಪ್ಯೂಟರ್‌ನ ಸೀದಾ ಪ್ಲಗ್ಗಿಗೆ ಹಾಕ್ಬೇಡಿ ಮಾರಾಯ್ರೆ. ಹಿಂದಿನ ಪ್ಲೇಟಲ್ಲಿ 115 ವೋಲ್ಟ್ ಅಂತಿದ್ರೆ ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಎಡವೋದು ವೈರ್ ಬಣ್ಣದಲ್ಲಿ. ಅಮೆರಿಕದ ವೈರಿಂಗಲ್ಲಿ ಕಪ್ಪು ಅಂದ್ರೆ ಫೇಸು, ಬಿಳಿ ನ್ಯೂಟ್ರಲ್ಲು, ಹಸಿರು ಅರ್ತು, ಆದ್ರೆ ನಮ್ಮೂರ ಎಲೆಕ್ಟ್ರಿಷಿಯನ್‌ಗೆ ಕಪ್ಪೇ ನ್ಯೂಟ್ರಲ್ಲು, ಅಭ್ಯಾಸಬಲದಿಂದ ಉಲ್ಟಾ ಕೊಟ್ಬಿಟ್ರೆ ಸ್ವಿಚ್ ಆಫ್ ಆದ್ರೂ ಒಳಗೆ ಫೇಸ್ ಉಳ್ಕೊಬಹುದು, ಹಂಗಾಗಿ ಪ್ಲಗ್ ಕಿತ್ತಿಟ್ಟು ಮಲ್ಟಿಮೀಟರಲ್ಲಿ ಒಂದೊಂದೇ ನೋಡಿ ಚೀಟಿ ಅಂಟಿಸಿ. ಇಲಿ ಕಡಿದ ವೈರ್ ಪೂರ್ತಿ ಬದಲಾಯಿಸಿ, ಟೇಪ್ ಸುತ್ತೋ ನಮ್ಮ ಹಳೇ ಚಾಳಿ ಬೇಡ.

ಆಮೇಲೆ ಬೋರ್ಡೆಲ್ಲ ಹೊರಗಿಟ್ಟು ಸೀರೀಸ್ ಬಲ್ಬ್ (ಕರೆಂಟ್ ಲೈನಿನ ಮಧ್ಯೆ ಸೇರಿಸೋ ಬಲ್ಬ್) ಹಾಕಿ ಆನ್ ಮಾಡಿ, ಬಲ್ಬ್ ಜೋರಾಗಿ ಉರೀತಾನೇ ಇದ್ರೆ ಎಲ್ಲೋ ಶಾರ್ಟ್ ಇದೆ. 5 ವೋಲ್ಟ್ ಲೈನಿಗೆ ಡಮ್ಮಿ ಲೋಡ್ (ಬೋರ್ಡ್ ಬದಲು ಕರೆಂಟ್ ಎಳೆಯೋ ರೆಸಿಸ್ಟರ್) ಕೊಟ್ಟು ಅಳೆದು, ಸರಿ ಬಂದ್ರೆ ಮಾತ್ರ ಬೋರ್ಡ್ ಕೂರಿಸಿ.